ಬ್ಯಾಂಕ್ ನೌಕರರು ಯಾಕೆ ಬಿಟ್ಟು ಹೋಗ್ತಿದ್ದಾರೆ? ವರ್ಕ್ ಫ್ರಂ ಹೋಮ್ ಕೊಟ್ರೆ ನಿಲ್ತಾರಾ?

ನನ್ನ ಫೋನಿನಲ್ಲಿ ‘ಬ್ಯಾಂಕ್ ಆರ್‌ಎಂ’ ಅಂತ ಸೇವ್ ಆಗಿರುವ ನಂಬರುಗಳು ನಾಲ್ಕು. ಒಂದೇ ಖಾಸಗಿ ಬ್ಯಾಂಕು, ಒಂದೇ ಶಾಖೆ. ನಾಲ್ಕು ವರ್ಷಕ್ಕೆ ನಾಲ್ಕು ಜನ ರಿಲೇಶನ್‌ಶಿಪ್ ಮ್ಯಾನೇಜರುಗಳು. ಮೊದಲ ಇಬ್ಬರ ಹೆಸರು ಸೇವ್ ಮಾಡಿದ್ದೆ. ಆಮೇಲೆ ಹೆಸರು ಬರೆಯೋದನ್ನು ಬಿಟ್ಟು ಆರ್‌ಎಂ 3, ಆರ್‌ಎಂ 4 ಅಂತ ನಂಬರ್ ಹಾಕಿಕೊಂಡೆ. ನಾಲ್ಕನೆಯವನು ಮೊದಲ ಸಲ ಫೋನ್ ಮಾಡಿದಾಗ ರಾತ್ರಿ ಎಂಟೂವರೆ. ‘ಸರ್, ನಾನು ನಿಮ್ಮ ಹೊಸ ಆರ್‌ಎಂ’ ಅಂದ. ಹಿಂದಿನವರು ಎಲ್ಲಿಗೆ ಹೋದರು ಅಂತ ಕೇಳಿದೆ. ‘ಅವರು ಪೇಪರ್ ಹಾಕಿದ್ರು ಸರ್’ ಅಂದವನು, ಒಂದು ಕ್ಷಣ ಬಿಟ್ಟು ‘ನಾನೂ ಬೇರೆ ಕಡೆ ನೋಡ್ತಾ ಇದೀನಿ’ ಅಂತ ಸೇರಿಸಿದ. ಕೆಲಸಕ್ಕೆ ಸೇರಿ ಅವನಿಗೆ ಏಳು ತಿಂಗಳಾಗಿತ್ತು.

ಇದು ನನ್ನೊಬ್ಬನ ಅನುಭವ ಅಲ್ಲ ಅನ್ನೋದು ನಿಮಗೂ ಗೊತ್ತು. ಹಾಗಾದರೆ ಇವರೆಲ್ಲ ಯಾಕೆ ಹೋಗ್ತಿದ್ದಾರೆ? ‘ಈಗಿನ ಹುಡುಗರಿಗೆ ಮನೆಯಿಂದ ಕೆಲಸ ಬೇಕು, ಅದು ಸಿಗಲ್ಲ ಅಂತ ಬಿಡ್ತಾರೆ’ ಅನ್ನೋದು ಎಚ್‌ಆರ್ ವಲಯದಲ್ಲಿ ಆಗಾಗ ಕೇಳಿಬರುವ ಉತ್ತರ. ಈ ಉತ್ತರದಲ್ಲಿ ಸ್ವಲ್ಪ ನಿಜ ಇದೆ, ಜಾಸ್ತಿ ತಪ್ಪಿದೆ. ಎಷ್ಟು ನಿಜ, ಎಲ್ಲಿ ತಪ್ಪು ಅನ್ನೋದನ್ನು ಬಿಡಿಸಿ ನೋಡೋಣ.

25 ಅನ್ನೋ ಅಂಕಿ

ಭಾರತೀಯ ರಿಸರ್ವ್ ಬ್ಯಾಂಕ್ ಪ್ರತಿ ವರ್ಷ ದೇಶದ ಬ್ಯಾಂಕಿಂಗ್ ಪ್ರವೃತ್ತಿ ಮತ್ತು ಪ್ರಗತಿಯ ವರದಿ ತರುತ್ತದೆ. 2024ರ ಡಿಸೆಂಬರ್‌ನಲ್ಲಿ ಬಂದ 2023-24ರ ವರದಿಯಲ್ಲಿ ಎರಡು ಮಾತು ಇದ್ದವು. ಒಂದು, ಖಾಸಗಿ ಬ್ಯಾಂಕುಗಳ ಒಟ್ಟು ನೌಕರರ ಸಂಖ್ಯೆ ಸರ್ಕಾರಿ ಬ್ಯಾಂಕುಗಳದ್ದನ್ನು ಮೀರಿಸಿದೆ. ಎರಡು, ಆಯ್ದ ಕೆಲವು ಖಾಸಗಿ ಬ್ಯಾಂಕುಗಳು ಮತ್ತು ಸಣ್ಣ ಹಣಕಾಸು ಬ್ಯಾಂಕುಗಳಲ್ಲಿ ಕೆಲಸ ಬಿಡುವವರ ಪ್ರಮಾಣ ಮೂರು ವರ್ಷಗಳಲ್ಲಿ ತೀವ್ರವಾಗಿ ಏರಿ, ಸರಾಸರಿ ಶೇ. 25ರ ಆಸುಪಾಸಿಗೆ ಬಂದಿದೆ. ಇದರಿಂದ ಗ್ರಾಹಕ ಸೇವೆ ಕೆಡುತ್ತದೆ, ಸಂಸ್ಥೆಯೊಳಗಿನ ತಿಳಿವಳಿಕೆ ನಷ್ಟವಾಗುತ್ತದೆ, ನೇಮಕಾತಿ ಖರ್ಚು ಹೆಚ್ಚುತ್ತದೆ ಅಂತ ಆರ್‌ಬಿಐ ಎಚ್ಚರಿಸಿತು. ಇದು ಬರೀ ಎಚ್‌ಆರ್ ಸಮಸ್ಯೆ ಅಲ್ಲ, ಬ್ಯಾಂಕಿನ ಕಾರ್ಯಾಚರಣೆಗೇ ಇರುವ ಅಪಾಯ ಅನ್ನೋದು ಅದರ ಒಟ್ಟು ಮಾತು.

ಶೇ. 25 ಅಂದರೆ ಎಷ್ಟು? 12 ಜನ ಇರುವ ಶಾಖೆಯಲ್ಲಿ ವರ್ಷಕ್ಕೆ ಮೂರು ಜನ ಹೋಗ್ತಾರೆ. ಆದರೆ ಮ್ಯಾನೇಜರು, ಹಳೆಯ ಅಧಿಕಾರಿಗಳು ಅಷ್ಟು ಸುಲಭವಾಗಿ ಹೋಗಲ್ಲ. ಅಂಥ ನಾಲ್ಕು ಜನರನ್ನು ಬಿಟ್ಟು ಉಳಿದ ಎಂಟು ಜನ ಕಿರಿಯರಲ್ಲೇ ಆ ಮೂವರು ಹೋದರು ಅಂತಿಟ್ಟುಕೊಳ್ಳಿ. ಆಗ ಕಿರಿಯರ ಮಟ್ಟದಲ್ಲಿ ಬಿಡುವವರ ಪ್ರಮಾಣ ಶೇ. 37 ದಾಟುತ್ತದೆ. ಸರಾಸರಿ ಅನ್ನೋದು ಹೀಗೆಯೇ, ಮೇಲಿನವರ ನೆಮ್ಮದಿಯನ್ನೂ ಕೆಳಗಿನವರ ಓಟವನ್ನೂ ಒಂದೇ ಅಂಕಿಯಲ್ಲಿ ಕಲಸಿಬಿಡುತ್ತದೆ.

‘ಸಂಸ್ಥೆಯೊಳಗಿನ ತಿಳಿವಳಿಕೆ’ ಅನ್ನೋದು ದೊಡ್ಡ ಮಾತಿನ ಹಾಗೆ ಕೇಳಿಸುತ್ತೆ. ನಮ್ಮೂರಲ್ಲಿ ಅದರ ಅರ್ಥ ಸರಳ. ನನ್ನ ಸೋದರಮಾವ ಬೆಳೆ ಸಾಲ ನವೀಕರಿಸಲು ಬ್ಯಾಂಕಿಗೆ ಹೋದಾಗ ಮುಂಚೆ ಇದ್ದ ಅಧಿಕಾರಿಗೆ ಅವರ ಮುಖ ನೋಡಿದರೆ ಸಾಕಿತ್ತು. ಹೊಲ ಯಾವುದು, ಹೋದ ವರ್ಷ ಮಳೆ ಕೈಕೊಟ್ಟಿದ್ದು ಹೌದಾ, ಕಂತು ತಡವಾಗಿದ್ದು ಯಾಕೆ, ಎಲ್ಲ ಗೊತ್ತಿತ್ತು. ಈಗ ಹೋದಾಗಲೆಲ್ಲ ಹೊಸ ಮುಖ. ಮತ್ತೆ ಪಹಣಿ ತನ್ನಿ, ಮತ್ತೆ ನೋ ಡ್ಯೂಸ್ ತನ್ನಿ, ಮತ್ತೆ ಮೊದಲಿಂದ ಕತೆ ಹೇಳಿ. ನೌಕರ ಬಿಟ್ಟು ಹೋದರೆ ಅದರ ದಂಡ ಬ್ಯಾಂಕಿನ ಲೆಕ್ಕಪುಸ್ತಕಕ್ಕಿಂತ ಮೊದಲು ಬೀಳೋದು ಇಂಥವರ ಮೇಲೆ. ಅದಕ್ಕೇ ಇದು ಬ್ಯಾಂಕಿನಲ್ಲಿ ಕೆಲಸ ಮಾಡದ ನಿಮಗೂ ನನಗೂ ಸಂಬಂಧಪಟ್ಟ ವಿಚಾರ.

ಒಂದೇ ಬ್ಯಾಂಕು, ಮೂರು ಲೋಕ

ಪತ್ರಿಕೋದ್ಯಮಕ್ಕೆ ಬರುವ ಮುಂಚೆ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಬ್ಯಾಂಕಿಂಗ್ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವನು ನಾನು. ಬ್ಯಾಂಕು ಅಂದರೆ ಕೌಂಟರ್, ಕ್ಯಾಷಿಯರ್, ಪಾಸ್‌ಬುಕ್ ಪ್ರಿಂಟರ್ ಅಂದುಕೊಂಡಿದ್ದವನಿಗೆ ಅದರ ಮುಕ್ಕಾಲು ಭಾಗ ಗ್ರಾಹಕರ ಕಣ್ಣಿಗೇ ಬೀಳಲ್ಲ ಅಂತ ಗೊತ್ತಾಗಿದ್ದು ಅಲ್ಲಿ. ವರ್ಕ್ ಫ್ರಂ ಹೋಮ್ ಚರ್ಚೆಗೆ ಇದು ತುಂಬಾ ಮುಖ್ಯ. ಯಾಕಂದರೆ ಬ್ಯಾಂಕಿನ ಒಳಗೆ ಮೂರು ಬೇರೆ ಬೇರೆ ಲೋಕ ಇವೆ.

ಮೊದಲನೆಯದು ಶಾಖೆ. ನಗದು, ಲಾಕರ್, ಚಿನ್ನದ ಸಾಲ, ಪಿಂಚಣಿದಾರರ ಸರತಿ. ಕ್ಯಾಶ್ ಸೇಫ್‌ಗೆ ಎರಡು ಕೀಲಿ, ಇಬ್ಬರು ಅಧಿಕಾರಿಗಳು. ಇಬ್ಬರೂ ಬಂದರೆ ಮಾತ್ರ ಅದು ತೆರೆಯುತ್ತದೆ. ಆ ಕೀಲಿಯನ್ನು ಝೂಮ್‌ನಲ್ಲಿ ತಿರುಗಿಸಕ್ಕಾಗಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಬ್ಯಾಂಕುಗಳಿಗೆ ವಿನಾಯಿತಿ ಸಿಕ್ಕಿತು. ವಿನಾಯಿತಿ ಅಂದರೆ ಇಲ್ಲಿ ರಜೆ ಅಲ್ಲ. ಎಲ್ಲರೂ ಮನೆಯಲ್ಲಿದ್ದಾಗ ಇವರು ಮಾಸ್ಕ್ ಹಾಕಿಕೊಂಡು ಕೌಂಟರಿನಲ್ಲಿ ಕೂತರು.

ಎರಡನೆಯದು ಸೇಲ್ಸ್ ಮತ್ತು ವಸೂಲಿ. ನನ್ನ ಆರ್‌ಎಂ 4 ಇರೋದು ಇಲ್ಲೇ. ಖಾತೆ ತೆರೆಸು, ವಿಮೆ ಮಾರು, ಕ್ರೆಡಿಟ್ ಕಾರ್ಡ್ ಕೊಡಿಸು, ಸಾಲದ ಲೀಡ್ ತಾ. ಇವರ ಕೆಲಸ ಬೈಕಿನ ಮೇಲೆ, ಫೋನಿನೊಳಗೆ. ಒಂದು ಲೆಕ್ಕದಲ್ಲಿ ಇವರು ಮೊದಲಿನಿಂದಲೂ ‘ರಿಮೋಟ್’ ಕೆಲಸಗಾರರೇ. ಆಫೀಸಿನ ಕುರ್ಚಿಯೂ ಇಲ್ಲ, ಮನೆಯ ಆರಾಮವೂ ಇಲ್ಲ.

ಮೂರನೆಯದು ಹಿಂಬದಿಯ ಲೋಕ. ಸಾಲದ ಅರ್ಜಿ ಪರಿಶೀಲನೆ, ಕೆವೈಸಿ ತಪಾಸಣೆ, ವಂಚನೆ ಪತ್ತೆ, ಡೇಟಾ, ಐಟಿ, ಕಾಲ್ ಸೆಂಟರ್. ಇವರ ಕೆಲಸವೆಲ್ಲ ಪರದೆಯ ಮೇಲೆಯೇ. ಬೆಂಗಳೂರಿನಲ್ಲಿ ವಿದೇಶಿ ಬ್ಯಾಂಕುಗಳ ದೊಡ್ಡ ದೊಡ್ಡ ಕ್ಯಾಂಪಸ್‌ಗಳಲ್ಲಿ ನಡೆಯೋದೂ ಹೆಚ್ಚುಕಮ್ಮಿ ಇದೇ. ನನ್ನ ಕಾಲೇಜಿನ ಗೆಳತಿಯೊಬ್ಬಳು ಇಂಥ ಒಂದು ಕಡೆ ಇದ್ದಾಳೆ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡ್ತಾಳೆ.

ಮನೆಯಿಂದ ಕೆಲಸ ಅನ್ನೋ ಮಾತು ಅನ್ವಯಿಸೋದು ಈ ಮೂರನೆಯ ಲೋಕಕ್ಕೆ. ಜನ ಓಡಿಹೋಗ್ತಿರೋದು ಹೆಚ್ಚಾಗಿ ಎರಡನೆಯ ಲೋಕದಿಂದ. ಕಾಯಿಲೆ ಒಂದು ಕಡೆ, ಔಷಧಿಯ ಚರ್ಚೆ ಇನ್ನೊಂದು ಕಡೆ.

‘ಸೆಕ್ಯುರಿಟಿ ರಿಸ್ಕ್’ ಅನ್ನೋ ನೆಪ

ಹಾಗಂತ ಮೂರನೆಯ ಲೋಕದವರಿಗೆ ಈ ಸೌಲಭ್ಯ ಸುಲಭವಾಗಿ ಸಿಗುತ್ತಾ? ಅದೂ ಇಲ್ಲ. ‘ಇದು ಬ್ಯಾಂಕು, ಜನರ ದುಡ್ಡು, ಮನೆಯಿಂದ ಮಾಡೋ ಕೆಲಸ ಅಲ್ಲ’ ಅಂತ ಮ್ಯಾನೇಜರುಗಳು ಹೇಳ್ತಾರೆ. ಆತಂಕ ಸುಳ್ಳಲ್ಲ. ಗ್ರಾಹಕನ ಖಾತೆ ವಿವರ ಯಾರದೋ ಮನೆಯ ಹಾಲ್‌ನಲ್ಲಿ ಪರದೆಯ ಮೇಲೆ ತೆರೆದಿರುತ್ತದೆ, ಪಕ್ಕದಲ್ಲಿ ಯಾರಿದ್ದಾರೋ, ಯಾರು ಮೊಬೈಲ್‌ನಲ್ಲಿ ಫೋಟೊ ತೆಗೀತಾರೋ.

ಆದರೆ ‘ಆಗಲ್ಲ’ ಅನ್ನೋದಕ್ಕೂ ‘ಎಚ್ಚರಿಕೆ ಬೇಕು’ ಅನ್ನೋದಕ್ಕೂ ವ್ಯತ್ಯಾಸ ಇದೆ. ಬ್ಯಾಂಕಿಂಗ್ ಸಾಫ್ಟ್‌ವೇರ್‌ನ ಮೂಲ ತತ್ವವೇ ಯಾರೊಬ್ಬರನ್ನೂ ಪೂರ್ತಿ ನಂಬಬೇಡ ಅನ್ನೋದು. ಒಬ್ಬರು ಎಂಟ್ರಿ ಮಾಡ್ತಾರೆ, ಇನ್ನೊಬ್ಬರು ಪಾಸ್ ಮಾಡ್ತಾರೆ. ಇದನ್ನು ಮೇಕರ್-ಚೆಕರ್ ಅಂತಾರೆ. ಯಾರಿಗೆ ಯಾವ ಪರದೆ ಕಾಣಬೇಕು, ಎಷ್ಟು ಮೊತ್ತದವರೆಗೆ ಅಧಿಕಾರ, ಎಲ್ಲ ಮೊದಲೇ ನಿಗದಿ. ಪ್ರತಿ ಕ್ಲಿಕ್ಕಿಗೂ ದಾಖಲೆ. ಈ ಕಾವಲು ಇರೋದು ಸಾಫ್ಟ್‌ವೇರ್‌ನೊಳಗೆ, ಕಟ್ಟಡದ ಗೋಡೆಯಲ್ಲಿ ಅಲ್ಲ.

ಉದಾಹರಣೆಗಳೂ ಇವೆ. 2016ರ ಮಾರ್ಚ್‌ನಲ್ಲೇ, ಅಂದರೆ ಕೋವಿಡ್‌ಗೆ ನಾಲ್ಕು ವರ್ಷ ಮುಂಚೆ, ಐಸಿಐಸಿಐ ಬ್ಯಾಂಕ್ ತನ್ನ ಮಹಿಳಾ ನೌಕರರಿಗೆ ಒಂದು ವರ್ಷದವರೆಗೆ ಮನೆಯಿಂದ ಕೆಲಸ ಮಾಡುವ ಯೋಜನೆ ತಂದಿತ್ತು. ಮುಖ ಗುರುತಿಸುವ ತಂತ್ರಜ್ಞಾನ ಬಳಸಿ ಲಾಗಿನ್ ಕೊಟ್ಟಿತ್ತು. 2020ರ ಆಗಸ್ಟ್‌ನಲ್ಲಿ ಆಕ್ಸಿಸ್ ಬ್ಯಾಂಕ್ ‘ಗಿಗ್-ಎ’ ಹೆಸರಿನಲ್ಲಿ ಎಲ್ಲಿಂದಲಾದರೂ ಮಾಡಬಹುದಾದ ಹುದ್ದೆಗಳಿಗೆ ಜನರನ್ನು ತೆಗೆದುಕೊಳ್ಳಲು ಹೊರಟಿತು. ಅದೇ ವರ್ಷ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಕಾಲ್ ಸೆಂಟರ್‌ನಂಥ ಸೇವೆಗಳ ನಿಯಮ ಸಡಿಲಿಸಿ ಮನೆಯಿಂದ ಕೆಲಸಕ್ಕೆ ದಾರಿ ಮಾಡಿತು.

ಇನ್ನು ಆರ್‌ಬಿಐ? ಅದು ನಿಷೇಧ ಹೇರಿಲ್ಲ. 2023ರ ನವೆಂಬರ್‌ನಲ್ಲಿ ಹೊರಡಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ಐಟಿ ಆಡಳಿತದ ನಿರ್ದೇಶನಗಳಲ್ಲಿ ದೂರದಿಂದ ಕೆಲಸ ಮಾಡುವವರ ಬಗ್ಗೆಯೇ ಒಂದು ಭಾಗ ಇದೆ. ಸಂಪರ್ಕ ಸುರಕ್ಷಿತವಾಗಿರಬೇಕು, ಒಂದಕ್ಕಿಂತ ಹೆಚ್ಚು ಹಂತದ ದೃಢೀಕರಣ ಇರಬೇಕು, ಯಾವ ಯಂತ್ರದಿಂದ ಲಾಗಿನ್ ಆಗಿದ್ದಾರೆ ಅಂತ ಬ್ಯಾಂಕಿಗೆ ಗೊತ್ತಾಗಬೇಕು, ಹಂಚಿಕೊಳ್ಳುವ ಮಾಹಿತಿಗೆ ರಕ್ಷಣೆ ಇರಬೇಕು. ನಿಯಮ ಮಾಡಿದ್ದಾರೆ ಅಂದರೆ ಅರ್ಥ ಏನು? ಮಾಡಬಹುದು, ಆದರೆ ಹೀಗೆ ಮಾಡಿ ಅಂತ.

ಇನ್ನೊಂದು ನಿಯಮ ಇನ್ನೂ ಕುತೂಹಲದ್ದು. ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ, ಮುಂಚಿತವಾಗಿ ತಿಳಿಸದೆ, ಕಡ್ಡಾಯ ರಜೆಯ ಮೇಲೆ ಕಳಿಸಬೇಕು ಅಂತ 2021ರ ಜುಲೈನಲ್ಲಿ ಆರ್‌ಬಿಐ ಹೇಳಿತು. ಆ ಅವಧಿಯಲ್ಲಿ ಇಮೇಲ್ ಬಿಟ್ಟು ಬೇರೆ ಯಾವ ವ್ಯವಸ್ಥೆಗೂ ಅವರಿಗೆ ಪ್ರವೇಶ ಇರಬಾರದು. ಕಾರಣ ಸುಲಭ. ಒಳಗಿನವರು ಮಾಡುವ ವಂಚನೆ ಬಯಲಾಗೋದು ಅವರು ಕುರ್ಚಿಯಲ್ಲಿ ಇಲ್ಲದಿದ್ದಾಗ. ಅಂದರೆ ಕುರ್ಚಿಯಲ್ಲಿ ಕೂತಿದ್ದಾರೆ ಅನ್ನೋದೇ ಪ್ರಾಮಾಣಿಕತೆಗೆ ಸಾಕ್ಷಿ ಅಲ್ಲ ಅಂತ ಬ್ಯಾಂಕುಗಳ ಮೇಲ್ವಿಚಾರಕ ಸಂಸ್ಥೆಗೇ ಗೊತ್ತಿದೆ.

ಮನೆಯಿಂದ ಕೆಲಸ ಕೊಟ್ಟರೆ ಜನ ಉಳೀತಾರಾ?

ಉಳೀತಾರೆ ಅನ್ನೋದಕ್ಕೆ ಗಟ್ಟಿ ಪುರಾವೆ ಇದೆ. ಆರ್ಥಿಕ ತಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಟ್ರಿಪ್.ಕಾಮ್ ಎಂಬ ಪ್ರವಾಸ ಸೇವೆಯ ಕಂಪನಿಯಲ್ಲಿ ನಡೆಸಿದ ಪ್ರಯೋಗ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. 1,612 ನೌಕರರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಇನ್ನೊಂದಕ್ಕೆ ಐದೂ ದಿನ ಆಫೀಸು. ಮನೆಯಿಂದ ಕೆಲಸ ಸಿಕ್ಕಿದ ಗುಂಪಿನಲ್ಲಿ ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಎರಡು ವರ್ಷ ಗಮನಿಸಿದರೂ ಕೆಲಸದ ಗುಣಮಟ್ಟದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಉಪಯೋಗ ಆಗಿದ್ದು ಯಾರಿಗೆ? ಮಹಿಳೆಯರಿಗೆ, ಮ್ಯಾನೇಜರ್ ಅಲ್ಲದವರಿಗೆ, ದೂರದಿಂದ ಓಡಾಡುವವರಿಗೆ.

ಇನ್ನೊಂದು ಮಜಾ ಇದೆ. ಪ್ರಯೋಗಕ್ಕೆ ಮುಂಚೆ ಮ್ಯಾನೇಜರುಗಳನ್ನು ಕೇಳಿದಾಗ ಉತ್ಪಾದಕತೆ ಇಳಿಯುತ್ತದೆ ಅಂದಿದ್ದರು. ಮುಗಿದ ಮೇಲೆ ಅದೇ ಮ್ಯಾನೇಜರುಗಳು ಸ್ವಲ್ಪ ಏರಿದೆ ಅಂದರು. ಕಣ್ಣಾರೆ ಕಂಡ ಮೇಲೆ ಅಭಿಪ್ರಾಯ ಬದಲಾಯಿತು.

ಅದು ಬ್ಯಾಂಕಲ್ಲ, ಪದವೀಧರರು ಕಂಪ್ಯೂಟರ್ ಮುಂದೆ ಮಾಡುವ ಕೆಲಸ. ಹಾಗಾಗಿ ಈ ಫಲಿತಾಂಶವನ್ನು ಕ್ಯಾಷಿಯರ್‌ಗೆ ಅನ್ವಯಿಸಕ್ಕಾಗಲ್ಲ. ಆದರೆ ಬ್ಯಾಂಕಿನ ಮೂರನೆಯ ಲೋಕದ ಕೆಲಸ ಬಹುಮಟ್ಟಿಗೆ ಅದೇ ಥರದ್ದು. ನನ್ನ ಗೆಳತಿಯನ್ನು ಕೇಳಿದೆ. ಅವಳ ಮನೆ ಕೆಂಗೇರಿ, ಆಫೀಸು ಹೊರವರ್ತುಲ ರಸ್ತೆಯಲ್ಲಿ. ‘ಸಂಬಳ ಜಾಸ್ತಿ ಕೊಡೋ ಕಡೆ ಕರೆದರು ಕಣೋ, ಐದು ದಿನ ಬರಬೇಕು ಅಂದ್ರು, ಬೇಡ ಅಂದೆ’ ಅಂದಳು. ‘ಆ ಎರಡು ದಿನ ಟ್ರಾಫಿಕ್‌ನಲ್ಲಿ ಕಳೆಯೋ ಟೈಮಲ್ಲಿ ಮಗಳ ಜೊತೆ ಕೂತು ಊಟ ಮಾಡ್ತೀನಿ. ಅದಕ್ಕೆಷ್ಟು ರೇಟು ಹೇಳು?’

ಇಷ್ಟಿದ್ದರೂ ಜಗತ್ತಿನ ದೊಡ್ಡ ಬ್ಯಾಂಕುಗಳು ಹಿಂದಕ್ಕೆ ಹೋಗ್ತಿವೆ. ಬೆಂಗಳೂರಿನಲ್ಲೂ ದೊಡ್ಡ ಕಚೇರಿ ಇರುವ ಅಮೆರಿಕದ ಜೆಪಿ ಮಾರ್ಗನ್ 2025ರ ಮಾರ್ಚ್‌ನಿಂದ ಬಹುತೇಕ ಎಲ್ಲ ನೌಕರರೂ ವಾರಕ್ಕೆ ಐದು ದಿನ ಕಚೇರಿಗೆ ಬರಬೇಕು ಅಂತ ಹೇಳಿತು. ಗೋಲ್ಡ್‌ಮನ್ ಸ್ಯಾಕ್ಸ್ ಮುಖ್ಯಸ್ಥರು 2021ರಲ್ಲೇ ಮನೆಯಿಂದ ಕೆಲಸ ತಮ್ಮಂಥ ಸಂಸ್ಥೆಗೆ ಒಗ್ಗದು, ಅದನ್ನು ಆದಷ್ಟು ಬೇಗ ಸರಿಪಡಿಸಬೇಕು ಅಂದಿದ್ದರು. ಅವರ ವಾದದಲ್ಲೂ ಒಂದು ನಿಜ ಇದೆ. ಹೊಸದಾಗಿ ಸೇರಿದವರು ಹಿರಿಯರ ಪಕ್ಕ ಕೂತು ಕಲಿಯುವುದು ಪರದೆಯಲ್ಲಿ ಸಿಗಲ್ಲ. ನನಗೂ ಮೇಕರ್-ಚೆಕರ್ ಅರ್ಥವಾಗಿದ್ದು ಮ್ಯಾನುಯಲ್ ಓದಿ ಅಲ್ಲ, ಪಕ್ಕದ ಸೀಟಿನ ಹಿರಿಯರ ಜೊತೆ ಟೀ ಕುಡೀತಾ. ಆದರೆ ಅದಕ್ಕೆ ವಾರದಲ್ಲಿ ಕೆಲವು ದಿನ ಸಾಕು. ಐದೂ ದಿನ ಯಾಕೆ ಅನ್ನೋ ಪ್ರಶ್ನೆಗೆ ಇದು ಉತ್ತರ ಆಗಲ್ಲ.

ಹಗ್ಗ ಕಟ್ಟಿ ಉಳಿಸೋದು

ಸರ್ಕಾರಿ ಬ್ಯಾಂಕುಗಳ ಕತೆ ಬೇರೆ. ಅಲ್ಲಿ ಬಿಟ್ಟು ಹೋಗುವವರು ಕಡಿಮೆ. ಪರೀಕ್ಷೆ ಬರೆದು, ವರ್ಷಗಟ್ಟಲೆ ಕೋಚಿಂಗ್‌ಗೆ ಕೂತು ಪಡೆದ ಕೆಲಸವನ್ನು ಯಾರು ಬಿಡ್ತಾರೆ? ಬಿಡೋಕೆ ಹೊರಟವರಿಗೆ ಬಾಂಡ್ ಇದೆ.

ಕರ್ನಾಟಕಕ್ಕೇ ಸೇರಿದ ಒಂದು ಪ್ರಕರಣ ನೋಡಿ. ವಿಜಯಾ ಬ್ಯಾಂಕ್ ತನ್ನ ನೇಮಕಾತಿಯಲ್ಲಿ ಮೂರು ವರ್ಷ ಮುಗಿಯುವ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕು ಅಂತ ಷರತ್ತು ಹಾಕಿತ್ತು. 2009ರಲ್ಲಿ ಒಬ್ಬ ಅಧಿಕಾರಿ ಬೇರೆ ಬ್ಯಾಂಕಿಗೆ ಹೋಗುವಾಗ ಆ ದುಡ್ಡು ಕಟ್ಟಿ, ಷರತ್ತೇ ಸರಿಯಿಲ್ಲ ಅಂತ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಸರ್ಕಾರಿ ಬ್ಯಾಂಕು ಖಾಸಗಿಯವರ ಹಾಗೆ ಬೇಕೆಂದವರನ್ನು ಕರೆದು ಕೂರಿಸಲು ಬರುವುದಿಲ್ಲ, ಬಹಿರಂಗ ಪರೀಕ್ಷೆ ನಡೆಸಬೇಕು, ಅದಕ್ಕೆ ಖರ್ಚಿದೆ, ಒಳ್ಳೆಯ ನೌಕರರನ್ನು ಉಳಿಸಿಕೊಳ್ಳುವ ಹಕ್ಕು ಅದಕ್ಕಿದೆ ಅನ್ನೋದು ಕೋರ್ಟಿನ ತರ್ಕ. ಕಾನೂನಿನ ದೃಷ್ಟಿಯಲ್ಲಿ ಅದು ಒಪ್ಪುವ ಮಾತೇ. ಈ ತೀರ್ಪು ಬರುವ ಹೊತ್ತಿಗೆ ವಿಜಯಾ ಬ್ಯಾಂಕೇ ಇರಲಿಲ್ಲ. 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಜೊತೆ ವಿಲೀನವಾಗಿತ್ತು. ಮೂರು ವರ್ಷ ಜೊತೆಗಿರು ಅಂತ ಬಾಂಡ್ ಬರೆಸಿಕೊಂಡವರ ಹೆಸರೇ ಬೋರ್ಡಿನಿಂದ ಅಳಿಸಿಹೋಗಿತ್ತು.

ನನ್ನ ಅಕ್ಕ ಸರ್ಕಾರಿ ಬ್ಯಾಂಕಿನ ಅಧಿಕಾರಿ. ಬಾಂಡ್ ಯಾವತ್ತೋ ಮುಗಿದಿದೆ, ಆದರೂ ಬಿಟ್ಟಿಲ್ಲ. ಅಂಕಿಅಂಶದ ಲೆಕ್ಕದಲ್ಲಿ ಅವಳು ‘ಉಳಿದ’ ನೌಕರಿ. ಹೇಗೆ ಉಳಿದಿದ್ದಾಳೆ ಅನ್ನೋದನ್ನು ಯಾವ ವರದಿಯೂ ಬರೆಯಲ್ಲ. ಮೊದಲ ಬಡ್ತಿ ಸಿಕ್ಕಾಗ ಮಧ್ಯಪ್ರದೇಶದ ಒಂದು ಸಣ್ಣ ಊರಿಗೆ ಹಾಕಿದರು. ಮಗುವಿಗೆ ಒಂದೂವರೆ ವರ್ಷ. ಮಗು ದಾವಣಗೆರೆಯಲ್ಲಿ ಅಮ್ಮನ ಹತ್ತಿರ, ಭಾವ ಬೆಂಗಳೂರಲ್ಲಿ, ಅಕ್ಕ ಅಲ್ಲಿ. ಎರಡೂವರೆ ವರ್ಷ ವಿಡಿಯೊ ಕಾಲ್‌ನಲ್ಲಿ ಮಗು ಬೆಳೀತು. ಮುಂದಿನ ಬಡ್ತಿಯ ಪರೀಕ್ಷೆಗೆ ಅವಳು ಅರ್ಜಿಯನ್ನೇ ಹಾಕಲಿಲ್ಲ. ಅವಳ ಜೊತೆ ಸೇರಿದ ಗಂಡಸರು ಈಗ ಅವಳಿಗಿಂತ ಎರಡು ಮೆಟ್ಟಿಲು ಮೇಲಿದ್ದಾರೆ. ‘ಕೆಲಸ ಬಿಡಲಿಲ್ಲ ಕಣೋ, ಮೇಲೆ ಹೋಗೋದನ್ನ ಬಿಟ್ಟೆ’ ಅಂತ ಒಮ್ಮೆ ಅಂದಳು. ಅವಳು ಇದನ್ನು ದೂರಿನ ಧಾಟಿಯಲ್ಲಿ ಹೇಳಲಿಲ್ಲ. ಹೇಳಿ ಎದ್ದು ಕುಕ್ಕರ್ ಇಳಿಸಲು ಹೋದಳು.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. 2024ರ ನವೆಂಬರ್‌ನಲ್ಲಿ ಹಣಕಾಸು ಸೇವೆಗಳ ಇಲಾಖೆ ಸರ್ಕಾರಿ ಬ್ಯಾಂಕುಗಳಿಗೆ ವರ್ಗಾವಣೆ ನೀತಿ ಬದಲಿಸಲು ಸೂಚನೆ ಕೊಟ್ಟಿತು. ನೌಕರರು ಬೇಕಾದ ಊರನ್ನು ಆನ್‌ಲೈನ್‌ನಲ್ಲಿ ಆರಿಸುವಂತಿರಬೇಕು, ಮಹಿಳೆಯರನ್ನು ಹತ್ತಿರದ ಜಾಗಗಳಿಗೆ ಹಾಕಬೇಕು, ಕಿರಿಯ ಅಧಿಕಾರಿಗಳನ್ನು ಆದಷ್ಟೂ ಅವರ ಭಾಷೆಯ ಪ್ರದೇಶದಲ್ಲಿ ಇಡಬೇಕು ಅಂತ. ಈ ಕೊನೆಯ ಮಾತು ನಮಗೆ ಇನ್ನಷ್ಟು ಮುಖ್ಯ. ಕೌಂಟರಿನಲ್ಲಿ ಕನ್ನಡ ಬರಲ್ಲ ಅನ್ನೋ ಜಗಳ ಮತ್ತೆ ಮತ್ತೆ ನಡೆಯುತ್ತೆ. ಗ್ರಾಹಕ ರೇಗ್ತಾನೆ, ಅಧಿಕಾರಿ ರೇಗ್ತಾರೆ, ವಿಡಿಯೊ ವೈರಲ್ ಆಗುತ್ತೆ. ದಾವಣಗೆರೆಯವಳನ್ನು ಮಧ್ಯಪ್ರದೇಶಕ್ಕೂ ಅಲ್ಲಿಯವರನ್ನು ಇಲ್ಲಿಗೂ ಕಳಿಸಿದ ವರ್ಗಾವಣೆ ಪಟ್ಟಿ ಮಾತ್ರ ಯಾವ ವಿಡಿಯೊದಲ್ಲೂ ಕಾಣಲ್ಲ.

ರಿಮೋಟ್ ಅನ್ನೋದು ಯಾರ ಕೈಯಲ್ಲಿದೆ?

ಮತ್ತೆ ಎರಡನೆಯ ಲೋಕಕ್ಕೆ ಬರೋಣ. 2023ರ ಜೂನ್‌ನಲ್ಲಿ ದೊಡ್ಡ ಖಾಸಗಿ ಬ್ಯಾಂಕೊಂದರ ಆನ್‌ಲೈನ್ ಮೀಟಿಂಗ್‌ನ ವಿಡಿಯೊ ಹರಿದಾಡಿದ್ದು ನಿಮಗೆ ನೆನಪಿರಬಹುದು. ವಿಮೆ ಮಾರಿದ್ದು ಕಡಿಮೆಯಾಯಿತು ಅಂತ ಹಿರಿಯ ಅಧಿಕಾರಿ ಕಿರಿಯರನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಬ್ಯಾಂಕು ಆತನನ್ನು ಅಮಾನತು ಮಾಡಿತು. 2024ರ ಮೇ ತಿಂಗಳಲ್ಲಿ ಬೇರೆ ಬ್ಯಾಂಕುಗಳ ಇಂಥದ್ದೇ ವಿಡಿಯೊಗಳು ಬಂದವು.

ಇಲ್ಲಿ ಗಮನಿಸಬೇಕಾದ್ದು ಬೈಗುಳ ಮಾತ್ರ ಅಲ್ಲ, ಅದು ನಡೆದ ಜಾಗ. ಅದು ವಿಡಿಯೊ ಕಾಲ್. ಕೋವಿಡ್ ಕಾಲದಲ್ಲಿ ನಮಗೆ ಬಿಡುಗಡೆಯ ಸಾಧನದ ಹಾಗೆ ಕಂಡ ಅದೇ ತಂತ್ರಜ್ಞಾನ ಆರ್‌ಎಂ 4ನಂಥವರ ಪಾಲಿಗೆ ಹಗ್ಗವಾಗಿದೆ. ಬೆಳಿಗ್ಗೆ ಒಂಬತ್ತಕ್ಕೆ ಒಂದು ರಿವ್ಯೂ ಕಾಲ್, ಮಧ್ಯಾಹ್ನ ವಾಟ್ಸಾಪ್‌ನಲ್ಲಿ ನಂಬರ್ ಕೇಳ್ತಾರೆ, ಸಂಜೆ ಏಳಕ್ಕೆ ಇನ್ನೊಂದು ಕಾಲ್. ಲೊಕೇಶನ್ ಕಳಿಸು, ಗ್ರಾಹಕನ ಜೊತೆ ಸೆಲ್ಫಿ ಕಳಿಸು. ಅದಕ್ಕೇ ಅವನು ನನಗೆ ರಾತ್ರಿ ಎಂಟೂವರೆಗೆ ಫೋನ್ ಮಾಡಿದ್ದು. ಮನೆಯಿಂದ ಕೆಲಸದ ಸವಲತ್ತು ಅವನಿಗೆ ಸಿಗಲಿಲ್ಲ, ಕೆಲಸ ಮಾತ್ರ ಅವನ ಮನೆಯೊಳಗೆ ಬಂತು.

ಹಾಗಾಗಿ ನಿಜವಾದ ಪ್ರಶ್ನೆ ಮನೆಯೋ ಆಫೀಸೋ ಅನ್ನೋದಲ್ಲ. ನನ್ನ ದಿನದ ಮೇಲೆ, ನನ್ನ ಊರಿನ ಮೇಲೆ ನನಗೆ ಎಷ್ಟು ಹಿಡಿತ ಇದೆ ಅನ್ನೋದು. ಗೆಳತಿಗೆ ಆ ಹಿಡಿತ ವಾರಕ್ಕೆ ಎರಡು ದಿನದ ರೂಪದಲ್ಲಿ ಸಿಕ್ಕಿದೆ, ಅದಕ್ಕೇ ಉಳಿದಿದ್ದಾಳೆ. ಅಕ್ಕ ಅದನ್ನು ಬಡ್ತಿ ಕೊಟ್ಟು ಕೊಂಡುಕೊಂಡಳು. ಆರ್‌ಎಂಗೆ ಅದು ಸಿಗಲೇ ಇಲ್ಲ, ಅವನು ಹೊರಟಿದ್ದಾನೆ.

ಹೀಗೆ ನೋಡಿದರೆ ಪ್ರತಿ ಲೋಕಕ್ಕೂ ಪರಿಹಾರ ಬೇರೆ ಬೇರೆ ಅಂತ ಕಾಣುತ್ತೆ. ಶಾಖೆಯಲ್ಲಿರುವವರಿಗೆ ಮನೆಯಿಂದ ಕೆಲಸ ಕೊಡಕ್ಕಾಗಲ್ಲ, ಆದರೆ ಐದು ದಿನದ ವಾರ ಕೊಡಬಹುದು. ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆ 2015ರಿಂದ ಇದೆ. ಉಳಿದ ಶನಿವಾರಗಳಿಗೂ ರಜೆ ಕೊಟ್ಟು, ಬದಲಿಗೆ ದಿನಕ್ಕೆ 40 ನಿಮಿಷ ಹೆಚ್ಚು ದುಡಿಯುವ ಪ್ರಸ್ತಾವಕ್ಕೆ ಬ್ಯಾಂಕುಗಳ ಸಂಘವೂ ನೌಕರರ ಸಂಘಟನೆಗಳೂ ಒಪ್ಪಿವೆ. ಸರ್ಕಾರದ ಅನುಮತಿಗೆ ಒಳಪಟ್ಟು ಅಂತ 2024ರ ಮಾರ್ಚ್ 8ರ ಒಪ್ಪಂದದ ಹೊತ್ತಿಗೇ ಅದು ದಾಖಲಾಗಿದೆ. ಅದಾದ ಮೇಲೂ ಇದಕ್ಕಾಗಿ ಮುಷ್ಕರದ ನೋಟಿಸ್ ಕೊಡಬೇಕಾಗಿ ಬಂತು. ಸೇಲ್ಸ್‌ನವರಿಗೆ ಬೇಕಿರೋದು ಕೆಲಸದ ಅವಧಿ ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕು. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಇಂಥ ಕಾನೂನು ಇದೆ.

ಮೂರನೆಯ ಲೋಕಕ್ಕೆ ಇನ್ನೂ ಒಂದು ದೊಡ್ಡ ಸಾಧ್ಯತೆ ಇದೆ. ಮನೆಯಿಂದ ಕೆಲಸ ಅನ್ನೋದರ ಬದಲು ಊರಿಂದ ಕೆಲಸ ಅಂತ ಯೋಚಿಸಿ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ನಾಟಕ ಬ್ಯಾಂಕ್, ವಿಜಯಾ ಬ್ಯಾಂಕ್, ಐದೂ ಹುಟ್ಟಿದ್ದು ಹಳೆಯ ದಕ್ಷಿಣ ಕನ್ನಡದಲ್ಲಿ. ಸಿಂಡಿಕೇಟ್‌ನ ಮುಖ್ಯ ಕಚೇರಿ ಮಣಿಪಾಲದಲ್ಲಿತ್ತು, ಕಾರ್ಪೊರೇಷನ್‌ನದು ಮಂಗಳೂರಿನಲ್ಲಿ. ಆ ಊರುಗಳಲ್ಲಿ ಕೂತು ಜನ ದೇಶವ್ಯಾಪಿ ಬ್ಯಾಂಕು ನಡೆಸಿದರು, ಅದೂ ಇಂಟರ್ನೆಟ್ಟೇ ಇಲ್ಲದ ಕಾಲದಲ್ಲಿ. 2020ರ ಏಪ್ರಿಲ್ 1ರ ವಿಲೀನದಲ್ಲಿ ಒಂದು ಕೆನರಾಗೆ ಸೇರಿತು, ಇನ್ನೊಂದು ಮುಂಬೈನ ಯೂನಿಯನ್ ಬ್ಯಾಂಕಿಗೆ. ಲೆಡ್ಜರ್ ಮತ್ತು ಟಪಾಲಿನ ಕಾಲದಲ್ಲಿ ಮಣಿಪಾಲದಿಂದ ಸಾಧ್ಯವಾಗಿದ್ದು, ಫೈಬರ್ ಇಂಟರ್ನೆಟ್ ಇರುವಾಗ ಹುಬ್ಬಳ್ಳಿಯಿಂದ, ಕಲಬುರಗಿಯಿಂದ ಯಾಕೆ ಸಾಧ್ಯವಿಲ್ಲ? ಸಾಲದ ಅರ್ಜಿ ಪರಿಶೀಲಿಸುವ ಹುಡುಗಿ ಬೆಂಗಳೂರಿನ ಪಿಜಿಯಲ್ಲೇ ಇರಬೇಕಾ? ಅವಳು ಕೊಪ್ಪಳದಲ್ಲಿದ್ದರೆ ಪಹಣಿ ಅಂದರೇನು ಅಂತ ಯಾರೂ ವಿವರಿಸಬೇಕಾಗಿಲ್ಲ.

ನಾವು ಕೇಳಬೇಕಾದ್ದು

ಷೇರುಪೇಟೆಯ ಮೊದಲ 1,000 ಕಂಪನಿಗಳು ಎಷ್ಟು ನೌಕರರು ಬಿಟ್ಟು ಹೋದರು ಅಂತ ಪ್ರತಿ ವರ್ಷ ಹೇಳಲೇಬೇಕು ಅನ್ನೋ ಸೆಬಿ ನಿಯಮ 2022-23ರಿಂದ ಕಡ್ಡಾಯವಾಗಿದೆ. ದೊಡ್ಡ ಬ್ಯಾಂಕುಗಳ ಅಂಕಿ ನಮಗೆ ಸಿಗ್ತಿರೋದು ಅದರಿಂದ. ಆದರೆ ಅದರಲ್ಲಿ ಗಂಡು-ಹೆಣ್ಣು ಅಂತ ಮಾತ್ರ ವಿಂಗಡಣೆ. ಯಾವ ಹಂತದ ಹುದ್ದೆ, ಶಾಖೆಯೋ ಸೇಲ್ಸೋ ಐಟಿಯೋ, ಸೇರಿ ಎಷ್ಟು ತಿಂಗಳಿಗೆ ಬಿಟ್ಟರು, ಇದ್ಯಾವುದೂ ಇಲ್ಲ. ಕಾಯಂ ನೌಕರರ ಲೆಕ್ಕ ಮಾತ್ರ ಇದೆ. ಏಜೆನ್ಸಿಯ ಮೂಲಕ ಬಂದು ಬ್ಯಾಂಕಿನ ಟ್ಯಾಗ್ ಹಾಕಿಕೊಂಡು ಮನೆ ಮನೆ ಸುತ್ತುವವರು ಆ ಅಂಕಿಯಲ್ಲಿ ಇಲ್ಲವೇ ಇಲ್ಲ.

ಕಾನೂನಿನಲ್ಲೂ ಇದೇ ಪೊಳ್ಳು. ಸೇವಾ ವಲಯಕ್ಕಾಗಿ ಕೇಂದ್ರ ಕಾರ್ಮಿಕ ಸಚಿವಾಲಯ 2020ರ ಕೊನೆಯಲ್ಲಿ ಹೊರಡಿಸಿದ ಮಾದರಿ ನಿಯಮಗಳ ಕರಡಿನಲ್ಲಿ ಮನೆಯಿಂದ ಕೆಲಸದ ಪ್ರಸ್ತಾಪ ಇತ್ತು. ಆದರೆ ನೇಮಕದ ಷರತ್ತು ಅಥವಾ ಒಪ್ಪಂದಕ್ಕೆ ಒಳಪಟ್ಟು ಮಾಲೀಕರು ಕೊಡಬಹುದು ಅಂತ ಮಾತ್ರ. ಕೇಳುವ ಹಕ್ಕು ನೌಕರರಿಗೆ ಇಲ್ಲ, ನಿರಾಕರಿಸಿದರೆ ಕಾರಣ ಹೇಳುವ ಹೊಣೆ ಮಾಲೀಕರಿಗಿಲ್ಲ.

ಆರ್‌ಬಿಐ ಇದನ್ನು ಅಪಾಯ ಅಂತ ಕರೆದಿದೆ. ಸಾಲ ಮುಳುಗುವ ಅಪಾಯ ಬಂದರೆ ಅದು ಬ್ಯಾಂಕುಗಳಿಂದ ಪೈಸೆ ಪೈಸೆಯ ಲೆಕ್ಕ ಕೇಳುತ್ತದೆ. ಜನ ಮುಳುಗುವ ಅಪಾಯಕ್ಕೂ ಹಾಗೇ ಲೆಕ್ಕ ಕೇಳಲಿ. ಹುದ್ದೆವಾರು, ಊರುವಾರು ಅಂಕಿ ಹೊರಬರಲಿ. ಆಗ ಯಾವ ಬ್ಯಾಂಕಿನಲ್ಲಿ ಜನ ಬಾಂಡ್‌ಗೆ ಹೆದರಿ ಉಳಿದಿದ್ದಾರೆ, ಯಾವುದರಲ್ಲಿ ಇಷ್ಟಪಟ್ಟು ಉಳಿದಿದ್ದಾರೆ ಅನ್ನೋದು ಐಬಿಪಿಎಸ್‌ಗೆ ಓದ್ತಿರುವ ನಿಮ್ಮ ಗೆಳೆಯರಿಗೂ, ಖಾಸಗಿ ಬ್ಯಾಂಕಿನ ಆಫರ್ ಲೆಟರ್ ಕೈಯಲ್ಲಿ ಹಿಡಿದು ಯೋಚಿಸ್ತಿರುವ ನಿಮ್ಮ ತಂಗಿಗೂ ಗೊತ್ತಾಗುತ್ತದೆ.

ಇದನ್ನು ಬರೆಯುವ ಮುಂಚೆ ಆರ್‌ಎಂ 4ಗೆ ಫೋನ್ ಮಾಡಿದ್ದೆ. ಈ ನಂಬರ್ ಚಾಲ್ತಿಯಲ್ಲಿಲ್ಲ ಅಂತ ಬಂತು. ಅವತ್ತೇ ಸಂಜೆ ಒಂದು ಹೊಸ ನಂಬರಿನಿಂದ ಕರೆ. ‘ಸರ್, ನಾನು ನಿಮ್ಮ ಹೊಸ ಆರ್‌ಎಂ ಮಾತಾಡ್ತಿರೋದು.’ ಹುಡುಗಿಯ ದನಿ. ಗಂಟೆ ಏಳೂಮುಕ್ಕಾಲು. ‘ಮನೆಗೆ ಹೋಗಿ ಮೇಡಂ, ನಾಳೆ ಮಾತಾಡೋಣ’ ಅಂದೆ. ‘ಹೋಗ್ತೀನಿ ಸರ್, ಇನ್ನು ಹನ್ನೆರಡು ಕಾಲ್ ಇದೆ’ ಅಂದಳು. ಈ ಸಲ ನಂಬರ್ ಹಾಕಲಿಲ್ಲ. ಹೆಸರು ಕೇಳಿ, ಹೆಸರಿನಲ್ಲೇ ಸೇವ್ ಮಾಡಿಕೊಂಡೆ.